ಫಾರ್ನ್‌ಬರೋ: ಹಾರಾಟದ ವಿಜ್ಞಾನಕ್ಕೆ ಕಾವಲು ನಿಂತವರು

ವಿಮಾನಗಳನ್ನು ಕೂಡಿಡುವ ಸಂಗ್ರಹಾಲಯಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ವಿಮಾನ ಹಾರುವುದರ ಹಿಂದಿನ ಪ್ರಯೋಗ, ಲೆಕ್ಕ, ಸೋಲು ಮತ್ತು ಹಟವನ್ನು ಕೂಡಿಡುವ ಸಂಗ್ರಹಾಲಯಗಳು ಅಪರೂಪ. ಇಂಗ್ಲೆಂಡಿನ ಒಂದು ಊರಿನಲ್ಲಿ ಇಂಥದೊಂದನ್ನು ಸಂಬಳವಿಲ್ಲದ ಕಾರ್ಯಕರ್ತರು ಕಟ್ಟಿ ನಿಲ್ಲಿಸಿದ್ದಾರೆ.

ಲಂಡನ್ನಿನಿಂದ ನೈರುತ್ಯಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಹ್ಯಾಂಪ್‌ಷೈರ್ ಪ್ರಾಂತ್ಯದಲ್ಲಿ, ಫಾರ್ನ್‌ಬರೋ ಎಂಬ ಊರಿದೆ. ಆ ಊರಿನ ಇತಿಹಾಸದಲ್ಲಿ ಒಂದು ಮರಕ್ಕೆ ವಿಶೇಷ ಸ್ಥಾನ. ಸ್ಯಾಮ್ಯುಯೆಲ್ ಕೋಡಿ ಎಂಬಾತ ತನ್ನ ವಿಮಾನದ ಎಂಜಿನ್ ಎಷ್ಟು ಬಲವಾಗಿ ಎಳೆಯುತ್ತದೆ ಎಂದು ತಿಳಿಯಲು, ವಿಮಾನವನ್ನು ಆ ಮರಕ್ಕೆ ಹಗ್ಗದಿಂದ ಕಟ್ಟಿ, ನಡುವೆ ತೂಕದ ಸಾಧನ ಇಟ್ಟು ಅಳೆಯುತ್ತಿದ್ದನಂತೆ. ಕಾಲಕ್ರಮದಲ್ಲಿ ಮರ ಒಣಗಿತು, ಹುಳು ಹಿಡಿಯಿತು. ಆಗ ಅಲ್ಲಿನ ವಿಮಾನ ಸಂಶೋಧನಾ ಕೇಂದ್ರದ ತರಬೇತಿ ಹುಡುಗರು ಅದೇ ಆಕಾರದಲ್ಲಿ ಅಲ್ಯುಮಿನಿಯಂ ಎರಕ ಹೊಯ್ದು, ಮರದ ಪಡಿಯಚ್ಚನ್ನೇ ಮಾಡಿಬಿಟ್ಟರು!

ಒಣಗಿದ ಮರವೊಂದಕ್ಕೆ ಇಷ್ಟೆಲ್ಲ ಉಪಚಾರ ಏಕೆ ಎಂದು ಯಾರಾದರೂ ಕೇಳಬಹುದು. ವಿಮಾನದ ವಿಜ್ಞಾನ ಗಾಜಿನ ಕಟ್ಟಡಗಳಲ್ಲಿ, ಗಣಕಯಂತ್ರಗಳ ಮುಂದೆ ಹುಟ್ಟಿದ್ದಲ್ಲ. ಬಯಲಿನಲ್ಲಿ, ಒಂದು ಹಗ್ಗ, ಒಂದು ಮರ ಮತ್ತು ಒಂದು ತಕ್ಕಡಿಯಿಂದ ಅದು ಶುರುವಾಯಿತು. ಆ ಸಾಕ್ಷಿ ಅಳಿದರೆ ಮುಂದಿನವರಿಗೆ ಹೇಳಿದರೂ ನಂಬಿಕೆ ಬಾರದು. ಇಂದು ಫಾರ್ನ್‌ಬರೋದ ‘ಏರ್ ಸೈನ್ಸಸ್ ಟ್ರಸ್ಟ್’ ನಡೆಸುತ್ತಿರುವ ಸಂಗ್ರಹಾಲಯದ ಹಿಂದಿರುವುದೂ ಇದೇ ಕಳವಳ.

ಬಲೂನಿನಿಂದ ಆರಂಭ

ಫಾರ್ನ್‌ಬರೋಗೂ ಆಕಾಶಕ್ಕೂ ನಂಟು ಬೆಳೆದದ್ದು ಬಲೂನುಗಳ ಮೂಲಕ. ಬ್ರಿಟಿಷ್ ಸೇನೆಯ ಬಲೂನು ಕಾರ್ಖಾನೆ ಮೊದಲು ಪಕ್ಕದ ಆಲ್ಡರ್‌ಷಾಟ್ ದಂಡಿನ ಊರಿನಲ್ಲಿತ್ತು. ಅಲ್ಲಿ ಜಾಗ ಸಾಲದಾದಾಗ, 1905-06ರ ಹೊತ್ತಿಗೆ, ಅದನ್ನು ಫಾರ್ನ್‌ಬರೋದ ಬಯಲಿಗೆ ತಂದರು. 1907ರ ಅಕ್ಟೋಬರ್ 5ರಂದು ಅಲ್ಲಿಂದ ಹೊರಟ ‘ನಲ್ಲಿ ಸೆಕುಂಡಸ್’ ಎಂಬ ವಾಯುನೌಕೆ ಲಂಡನ್ನಿನವರೆಗೆ ಹೋಗಿ, ಸೇಂಟ್ ಪಾಲ್ಸ್ ಇಗರ್ಜಿಯ ಗುಮ್ಮಟವನ್ನು ಸುತ್ತು ಹಾಕಿತು. ಜನ ಬೀದಿಗಿಳಿದು ಬಾಯಿ ಬಿಟ್ಟುಕೊಂಡು ನೋಡಿದರು. ಹೋಗುವಾಗ ಬೆನ್ನಿಗಿದ್ದ ಗಾಳಿ ಬರುವಾಗ ಎದುರಾಯಿತು. ನೌಕೆ ಊರಿಗೆ ಮರಳಲಾರದೆ ಕ್ರಿಸ್ಟಲ್ ಪ್ಯಾಲೇಸ್ ಬಳಿ ಇಳಿಯಬೇಕಾಯಿತು. ಗಾಳಿಯೊಡನೆ ಜಗಳವಾಡಿ ಗೆಲ್ಲಲಾಗದು, ಅದರ ಸ್ವಭಾವ ಅರಿಯಬೇಕು ಎಂಬ ಪಾಠವನ್ನು ಫಾರ್ನ್‌ಬರೋ ಹೀಗೆ ಮೊದಲ ದಿನಗಳಲ್ಲೇ ಕಲಿಯಿತು.

ಸ್ಯಾಮ್ಯುಯೆಲ್ ಕೋಡಿಯ ಕಥೆ ಇನ್ನೂ ಸ್ವಾರಸ್ಯಕರ. ಅಮೆರಿಕದ ಐಯೋವಾದಲ್ಲಿ 1867ರಲ್ಲಿ ಹುಟ್ಟಿದ ಈತ ಕುದುರೆ ಸವಾರಿ, ಬಂದೂಕಿನ ಗುರಿ ಮುಂತಾದ ಕಸರತ್ತುಗಳ ಪ್ರದರ್ಶನ ನೀಡುತ್ತ ಇಂಗ್ಲೆಂಡಿಗೆ ಬಂದವನು. ಉದ್ದ ಕೂದಲು, ಚೂಪು ಮೀಸೆ, ತಲೆಯ ಮೇಲೆ ದೊಡ್ಡ ಟೊಪ್ಪಿ. ಓದು ಬರಹ ಅಷ್ಟಕ್ಕಷ್ಟೆ. ಆದರೆ ಗಾಳಿಪಟ ಕಟ್ಟುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮನುಷ್ಯನನ್ನೇ ಮೇಲಕ್ಕೆ ಎತ್ತಬಲ್ಲ ಗಾಳಿಪಟಗಳನ್ನು ಅವನು ಮಾಡಿದ. ಶತ್ರುಗಳ ಚಲನವಲನ ನೋಡಲು ಇವು ಉಪಯೋಗಕ್ಕೆ ಬಂದಾವು ಎಂದು ಸೇನೆ ಅವನನ್ನು ಕೆಲಸಕ್ಕೆ ಇಟ್ಟುಕೊಂಡಿತು.

ಗಾಳಿಪಟದ ವಿದ್ಯೆಯನ್ನೇ ಮುಂದುವರಿಸಿ ಕೋಡಿ ವಿಮಾನ ಕಟ್ಟಿದ. 1908ರ ಅಕ್ಟೋಬರ್ 16ರಂದು ಫಾರ್ನ್‌ಬರೋದ ಬಯಲಿನಿಂದ ಮೇಲೆದ್ದು 1,390 ಅಡಿ, ಅಂದರೆ ಸುಮಾರು 424 ಮೀಟರ್ ಹಾರಿದ. ಗಾಳಿಯಲ್ಲಿದ್ದದ್ದು 27 ಸೆಕೆಂಡು. ಇಳಿಯುವಾಗ ವಿಮಾನ ಜಖಂ ಆಯಿತು. ಬ್ರಿಟನ್ನಿನ ನೆಲದಲ್ಲಿ ನಡೆದ ಮೊದಲ ವಿಮಾನ ಹಾರಾಟವೆಂದು ಇದನ್ನು ಇಂದಿಗೂ ಗೌರವಿಸುತ್ತಾರೆ.

ಮುಂದೆ ನಡೆದದ್ದು ನೋಡಿ. 1909ರಲ್ಲಿ ಬ್ರಿಟನ್ನಿನ ಯುದ್ಧ ಇಲಾಖೆಯು ವಿಮಾನಗಳಿಗೆ ಅಲ್ಲಿಯವರೆಗೆ ಖರ್ಚು ಮಾಡಿದ 2,500 ಪೌಂಡೇ ಹೆಚ್ಚಾಯಿತೆಂದು ಕೆಲಸ ನಿಲ್ಲಿಸಿತು. ವಿಮಾನವನ್ನು ಕೋಡಿಗೇ ಬಿಟ್ಟುಕೊಟ್ಟು ಅವನನ್ನು ಕಳುಹಿಸಿಬಿಟ್ಟಿತು! ಆದರೂ ಅವನು ಎದೆಗುಂದದೆ ಅದೇ ಬಯಲಿನ ಅಂಚಿನಲ್ಲಿ ಕೆಲಸ ಮುಂದುವರಿಸಿದ. 1913ರ ಆಗಸ್ಟ್ 7ರಂದು ತಾನೇ ಕಟ್ಟಿದ ವಿಮಾನ ಗಾಳಿಯಲ್ಲಿ ಮುರಿದು ಬಿದ್ದು ಸತ್ತ. ಅವನ ಅಂತ್ಯಯಾತ್ರೆಗೆ ಒಂದು ಲಕ್ಷ ಜನ ಸೇರಿದ್ದರು ಎನ್ನುತ್ತಾರೆ. ಇಲಾಖೆಯ ಕಡತಕ್ಕೆ ಬೇಡವಾದವನು ಜನರ ಮನಸ್ಸಿನಲ್ಲಿ ಎಷ್ಟು ಬೆಳೆದಿದ್ದ ಎಂಬುದಕ್ಕೆ ಇದೇ ಸಾಕ್ಷಿ.

ಕಾರ್ಖಾನೆ ಪ್ರಯೋಗಶಾಲೆಯಾಯಿತು

ಬಲೂನು ಕಾರ್ಖಾನೆ 1912ರ ವೇಳೆಗೆ ‘ರಾಯಲ್ ಏರ್‌ಕ್ರಾಫ್ಟ್ ಫ್ಯಾಕ್ಟರಿ’ಯಾಯಿತು. ಮೊದಲ ಮಹಾಯುದ್ಧದ ಹೆಸರಾಂತ ‘ಎಸ್.ಇ.5’ ಯುದ್ಧವಿಮಾನದ ವಿನ್ಯಾಸ ನಡೆದದ್ದು ಇಲ್ಲಿ. ಭಾರತೀಯರು ಈ ವಿಮಾನವನ್ನು ನೆನೆಯಲು ಒಂದು ಕಾರಣವಿದೆ. ಕಲ್ಕತ್ತೆಯ ಇಂದ್ರಲಾಲ್ ರಾಯ್ ಎಂಬ ಹತ್ತೊಂಬತ್ತರ ತರುಣ 1918ರ ಜುಲೈನಲ್ಲಿ ಫ್ರಾನ್ಸಿನ ಆಕಾಶದಲ್ಲಿ ಹಾರಿಸಿದ್ದು ಇದೇ ಮಾದರಿಯ ‘ಎಸ್.ಇ.5ಎ’ ವಿಮಾನವನ್ನು. ಎರಡು ವಾರದೊಳಗೆ ಹತ್ತು ಗೆಲುವು ಸಾಧಿಸಿದ ಆತ ಅದೇ ತಿಂಗಳ 22ರಂದು ಕಾಳಗದಲ್ಲಿ ಮಡಿದ.

ಅದೇ 1918ರಲ್ಲಿ ರಾಯಲ್ ಏರ್ ಫೋರ್ಸ್ ಹುಟ್ಟಿತು. ಎರಡರ ಹ್ರಸ್ವನಾಮವೂ ‘ಆರ್.ಎ.ಎಫ್.’ ಆಗಿ ಗೊಂದಲವಾದ್ದರಿಂದ ಕಾರ್ಖಾನೆಯ ಹೆಸರನ್ನು ‘ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟ್’ ಎಂದು ಬದಲಿಸಿದರು. ವಿಮಾನ ಜಗತ್ತಿನಲ್ಲಿ ‘ಆರ್.ಎ.ಇ.’ ಎಂದೇ ಪ್ರಸಿದ್ಧವಾದ ಸಂಸ್ಥೆ ಇದು. ವಿಮಾನ ತಯಾರಿಸುವ ಕೆಲಸ ಹಿಂದಕ್ಕೆ ಸರಿದು, ವಿಮಾನವನ್ನು ಅರ್ಥ ಮಾಡಿಕೊಳ್ಳುವ ಕೆಲಸ ಮುಂದಕ್ಕೆ ಬಂತು.

ಇದಕ್ಕೆ ಬೇಕಾದ ದೊಡ್ಡ ಉಪಕರಣವೆಂದರೆ ಗಾಳಿಸುರಂಗ. ತತ್ವ ಸರಳ. ವಿಮಾನ ಗಾಳಿಯಲ್ಲಿ ಓಡುವ ಬದಲು ವಿಮಾನವನ್ನು ನಿಲ್ಲಿಸಿ ಗಾಳಿಯನ್ನೇ ಅದರ ಮೇಲೆ ಓಡಿಸುವುದು. ರೆಕ್ಕೆಯ ಮೇಲೆ ಎಷ್ಟು ಎತ್ತುವ ಬಲ, ಎಷ್ಟು ತಡೆ ಎಂಬುದನ್ನು ನೆಲದ ಮೇಲೆಯೇ ಅಳೆಯಬಹುದು. ಪ್ರಾಣಾಪಾಯವಿಲ್ಲ. 1935ರಲ್ಲಿ ಫಾರ್ನ್‌ಬರೋದಲ್ಲಿ ತೆರೆದ ಸುರಂಗದ ಬಾಯಿ 24 ಅಡಿ ಅಗಲ. ಪೂರ್ಣ ಗಾತ್ರದ ಸಣ್ಣ ವಿಮಾನವನ್ನೇ ಅದರ ಮುಂದೆ ನಿಲ್ಲಿಸಬಹುದಿತ್ತು. ಗಾಳಿ ಎಬ್ಬಿಸುವ ಪಂಖದ ವ್ಯಾಸ 30 ಅಡಿ. ಅದರ ರೆಕ್ಕೆಗಳು ಮಹಾಗನಿ ಮರದವು. ಇಂದಿಗೂ ಅವು ಅಲ್ಲೇ ಇವೆ. 1942ರಲ್ಲಿ ಶಬ್ದದ ವೇಗದ ಹತ್ತಿರ ಗಾಳಿ ಹರಿಸಬಲ್ಲ ಮತ್ತೊಂದು ಸುರಂಗ ಸೇರಿಕೊಂಡಿತು.

ಬಿಲ್ಲೆಯೊಂದರ ಮಹಿಮೆ

ದೊಡ್ಡ ಯಂತ್ರಗಳಷ್ಟೇ ಅಲ್ಲ, ಅಂಗೈಯಲ್ಲಿ ಅಡಗುವ ವಸ್ತುವೂ ಫಾರ್ನ್‌ಬರೋದ ಹೆಸರು ಉಳಿಸಿದೆ. ಎರಡನೇ ಮಹಾಯುದ್ಧದಲ್ಲಿ ಸ್ಪಿಟ್‌ಫೈರ್ ಮತ್ತು ಹರಿಕೇನ್ ವಿಮಾನಗಳ ‘ಮರ್ಲಿನ್’ ಎಂಜಿನ್ನಿಗೆ ಒಂದು ದೋಷವಿತ್ತು. ಪೈಲಟ್ ಥಟ್ಟನೆ ಮೂತಿ ತಗ್ಗಿಸಿ ಕೆಳಕ್ಕೆ ನುಗ್ಗಿದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಏರುಪೇರಾಗಿ ಎಂಜಿನ್ ಕೆಮ್ಮುತ್ತಿತ್ತು. ಕೆಲವೊಮ್ಮೆ ನಿಂತೇ ಹೋಗುತ್ತಿತ್ತು. ಜರ್ಮನಿಯ ಯುದ್ಧವಿಮಾನಗಳ ಎಂಜಿನ್ನಿಗೆ ಪೆಟ್ರೋಲು ಪಂಪಿನಿಂದ ನೇರವಾಗಿ ಒಳಸೇರುತ್ತಿದ್ದುದರಿಂದ ಅವಕ್ಕೆ ಈ ತೊಂದರೆ ಇರಲಿಲ್ಲ. ಬೆನ್ನಟ್ಟಿ ಬಂದ ಬ್ರಿಟಿಷ್ ವಿಮಾನದಿಂದ ಪಾರಾಗಲು ಅವು ಮೂತಿ ತಗ್ಗಿಸಿ ನುಗ್ಗಿದರೆ ಸಾಕಾಗುತ್ತಿತ್ತು.

ಪರಿಹಾರ ಹುಡುಕಿದವರು ಆರ್.ಎ.ಇ.ಯ ಎಂಜಿನಿಯರ್ ಬಿಯಾಟ್ರಿಸ್ ಶಿಲ್ಲಿಂಗ್. 1941ರಲ್ಲಿ ಆಕೆ ರೂಪಿಸಿದ್ದು ನಡುವೆ ತೂತಿರುವ ಸಣ್ಣ ಲೋಹದ ಬಿಲ್ಲೆ. ಎಂಜಿನ್ನಿಗೆ ಬೇಕಾದಷ್ಟೇ ಪೆಟ್ರೋಲು ಹರಿಯುವಂತೆ ಅದು ಹತೋಟಿ ಮಾಡುತ್ತಿತ್ತು. ವಿಮಾನಗಳನ್ನು ಕಾರ್ಖಾನೆಗೆ ತರಿಸಬೇಕಿಲ್ಲ, ನಿಲ್ದಾಣದಲ್ಲೇ ಜೋಡಿಸಬಹುದು. ಶಿಲ್ಲಿಂಗ್ ಮತ್ತು ಸಂಗಡಿಗರು ಊರೂರು ತಿರುಗಿ ಬಿಲ್ಲೆ ಹಾಕಿಸಿದರು. ಈಕೆ ಮೋಟಾರ್ ಸೈಕಲ್ ಪಂದ್ಯಗಳ ಪಟುವೂ ಹೌದು. 1934ರಲ್ಲಿ ಬ್ರೂಕ್‌ಲೆಂಡ್ಸ್ ಪಂದ್ಯದ ಹಾದಿಯಲ್ಲಿ ಗಂಟೆಗೆ ನೂರು ಮೈಲಿ ಮೀರಿ ಓಡಿಸಿ ‘ಚಿನ್ನದ ನಕ್ಷತ್ರ’ ಪಡೆದಿದ್ದರು.

ನಾಣ್ಯದಂಥ ಇಂಥ ವಸ್ತುವನ್ನು ಕಥೆ ತಿಳಿಯದವನು ಕಂಡರೆ ಗುಜರಿಗೆ ಎಸೆದಾನು. ತಿಳಿದವನು ಕಣ್ಣಿಗೊತ್ತಿಕೊಂಡಾನು. ಸಂಶೋಧನೆಯ ಪಳೆಯುಳಿಕೆಗಳ ಪಾಡೇ ಇದು. ವಸ್ತುವಿನ ಜೊತೆ ಅದರ ಕಥೆಯನ್ನು ಬಲ್ಲವರೂ ಉಳಿಯಬೇಕು.

ನೀರಿನ ತೊಟ್ಟಿಯಲ್ಲಿ ಸಿಕ್ಕ ಸತ್ಯ

ಫಾರ್ನ್‌ಬರೋದ ಚರಿತ್ರೆಯಲ್ಲಿ ಎಲ್ಲಕ್ಕಿಂತ ಗಂಭೀರವಾದ ಅಧ್ಯಾಯ ‘ಕಾಮೆಟ್’ ವಿಮಾನಗಳದು. ಜಗತ್ತಿನ ಮೊದಲ ಜೆಟ್ ಪ್ರಯಾಣಿಕ ವಿಮಾನವಾದ ಕಾಮೆಟ್, 1952ರ ಮೇ 2ರಂದು ಪ್ರಯಾಣಿಕರನ್ನು ಹೊತ್ತು ಸೇವೆ ಆರಂಭಿಸಿತು. ಸರಿಯಾಗಿ ಒಂದು ವರ್ಷಕ್ಕೆ, 1953ರ ಮೇ 2ರಂದು, ಕಲ್ಕತ್ತೆಯ ಡಮ್‌ಡಮ್ ನಿಲ್ದಾಣದಿಂದ ಮೇಲೆದ್ದ ಕಾಮೆಟ್ ಬಿರುಗಾಳಿಯಲ್ಲಿ ಸಿಕ್ಕಿ ಚೂರುಚೂರಾಗಿ ಬಿತ್ತು. ಅದರಲ್ಲಿದ್ದ 43 ಮಂದಿಯೂ ಸತ್ತರು. ಆ ಅವಶೇಷಗಳ ಪರೀಕ್ಷೆಗೂ ಫಾರ್ನ್‌ಬರೋದ ನೆರವು ಬೇಕಾಯಿತು.

1954ರ ಜನವರಿ 10ರಂದು ಇಟಲಿಯ ಎಲ್ಬಾ ದ್ವೀಪದ ಬಳಿ ಇನ್ನೊಂದು ಕಾಮೆಟ್ ಸಮುದ್ರಕ್ಕೆ ಬಿತ್ತು, 35 ಸಾವು. ಏಪ್ರಿಲ್ 8ರಂದು ನೇಪಲ್ಸ್ ಸಮೀಪ ಮತ್ತೊಂದು, 21 ಸಾವು. ಬಿರುಗಾಳಿಯ ನೆಪ ಹೇಳಲೂ ಆಗದಂತೆ ಇವು ಎತ್ತರದಲ್ಲಿ ಹಾರುತ್ತಿದ್ದಾಗಲೇ ಒಡೆದಿದ್ದವು. ಕಾಮೆಟ್ ಹಾರಾಟವನ್ನೇ ನಿಲ್ಲಿಸಿ, ಕಾರಣ ಹುಡುಕುವ ಹೊಣೆಯನ್ನು ಆರ್.ಎ.ಇ.ಯ ನಿರ್ದೇಶಕ ಆರ್ನಲ್ಡ್ ಹಾಲ್ ಅವರ ತಂಡಕ್ಕೆ ಒಪ್ಪಿಸಲಾಯಿತು.

ನೌಕಾಪಡೆ ಸಮುದ್ರದ ತಳವನ್ನು ಜಾಲಾಡಿ ಎಲ್ಬಾ ವಿಮಾನದ ಚೂರುಗಳನ್ನು ಎತ್ತಿತು. ಕತ್ತಲ ಆಳದಲ್ಲಿ ನೋಡಲು ಟೆಲಿವಿಷನ್ ಕ್ಯಾಮೆರಾ ಬಳಸಿದರು. ಚೂರುಗಳನ್ನೆಲ್ಲ ಫಾರ್ನ್‌ಬರೋಗೆ ತಂದು ಮರದ ಚೌಕಟ್ಟಿನ ಮೇಲೆ ಒಂದೊಂದಾಗಿ ಜೋಡಿಸಿದರು. ಒಡೆದ ಮಡಕೆಯ ಓಡು ಕೂಡಿಸಿದ ಹಾಗೆ.

ಇನ್ನೊಂದೆಡೆ ಸೇವೆಯಲ್ಲಿದ್ದ ಒಂದು ಪೂರ್ಣ ಕಾಮೆಟನ್ನೇ ಪರೀಕ್ಷೆಗೆ ತಂದು, ಅದರ ಒಡಲನ್ನು ಭಾರಿ ನೀರಿನ ತೊಟ್ಟಿಯಲ್ಲಿ ಇಳಿಸಿದರು. ರೆಕ್ಕೆಗಳು ಮಾತ್ರ ತೊಟ್ಟಿಯ ಗೋಡೆಯಿಂದ ಆಚೆಗೆ ಚಾಚಿದ್ದವು. ವಿಮಾನ ಎತ್ತರಕ್ಕೆ ಏರಿದಾಗ ಒಳಗಿನ ಗಾಳಿ ಹೊರಕ್ಕೆ ಒತ್ತುತ್ತದೆ, ಇಳಿದಾಗ ಒತ್ತಡ ತಗ್ಗುತ್ತದೆ. ಇದನ್ನೇ ನೀರು ತುಂಬಿ, ತೆಗೆದು, ಮತ್ತೆ ತುಂಬಿ ಮಾಡಿ ತೋರಿಸಿದರು. ಜೊತೆಗೆ ಜಾಕ್‌ಗಳಿಂದ ರೆಕ್ಕೆಗಳನ್ನು ಬಾಗಿಸುತ್ತಿದ್ದರು. ಗಾಳಿಯ ಬದಲು ನೀರೇ ಏಕೆ? ಗಾಳಿ ತುಂಬಿದ್ದರೆ ಒಡಲು ಬಿರಿದಾಗ ಬಾಂಬಿನಂತೆ ಸಿಡಿದು ಮೊದಲು ಬಿರಿದದ್ದು ಎಲ್ಲಿ ಎಂಬುದೇ ಗೊತ್ತಾಗುತ್ತಿರಲಿಲ್ಲ. ನೀರು ಒತ್ತಡಕ್ಕೆ ಕುಗ್ಗುವುದಿಲ್ಲ, ಆದ್ದರಿಂದ ಸಿಡಿಯುವುದೂ ಇಲ್ಲ. ಬಿರುಕು ಬಿಟ್ಟ ಜಾಗ ಹಾಗೆಯೇ ಉಳಿಯುತ್ತದೆ.

1954ರ ಜೂನ್ ತಿಂಗಳಲ್ಲಿ ಒಡಲು ಬಿರಿಯಿತು. ನಿಜವಾದ ಹಾರಾಟ 1,221, ತೊಟ್ಟಿಯಲ್ಲಿ 1,836, ಒಟ್ಟು 3,057 ಹಾರಾಟಗಳಿಗೆ ಅದರ ಆಯಸ್ಸು ಮುಗಿದಿತ್ತು. ಬಿರುಕು ಹೊರಟದ್ದು ಕಿಟಕಿಯಂಥ ತೆರಪಿನ ಮೂಲೆಯಿಂದ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ಕೊನೆಗೆ ತುಂಡಾಗುತ್ತದಲ್ಲ, ಹಾಗೆಯೇ ಪ್ರತಿ ಹಾರಾಟದ ಹಿಗ್ಗು ಕುಗ್ಗುಗಳಿಂದ ಲೋಹ ದಣಿದಿತ್ತು. ಆ ಎರಡು ವಿಮಾನಗಳ ಪೈಕಿ ಎಲ್ಬಾ ಬಳಿ ಬಿದ್ದದ್ದು 1,290 ಹಾರಾಟ, ನೇಪಲ್ಸ್ ಬಳಿ ಬಿದ್ದದ್ದು 900 ಹಾರಾಟ ಮುಗಿಸಿದ್ದವು.

ಇಂದು ಬೆಂಗಳೂರಿನಿಂದ ದೆಹಲಿಗೆ ಹೋಗುವವರು ವಿಮಾನದ ಕಿಟಕಿಯನ್ನು ಒಮ್ಮೆ ಗಮನಿಸಲಿ. ಅದರ ಮೂಲೆಗಳು ದುಂಡಗಿರುತ್ತವೆ. ಚೂಪು ಮೂಲೆಯಲ್ಲಿ ಒತ್ತಡ ಒಟ್ಟುಗೂಡಿ ಲೋಹ ಬೇಗ ದಣಿಯುತ್ತದೆ ಎಂಬ ಪಾಠವನ್ನು ವಿಮಾನ ಲೋಕ ಮರೆಯದಂತೆ ಮಾಡಿದ್ದು ಕಾಮೆಟ್ ದುರಂತ. ಹೊಸ ವಿಮಾನದ ಒಡಲೊಂದನ್ನು ನೆಲದ ಮೇಲೆಯೇ ಸಾವಿರಾರು ‘ಹಾರಾಟ’ ಮಾಡಿಸಿ ದಣಿಸಿ ನೋಡುವ ಪರಿಪಾಠವೂ ಅದರಿಂದ ಗಟ್ಟಿಯಾಯಿತು.

ಕಾಂಕಾರ್ಡ್, ಕಾರ್ಬನ್, ಉಪಗ್ರಹ

ಆಮೇಲಿನ ವರ್ಷಗಳ ಸಾಧನೆಗಳದು ಉದ್ದ ಪಟ್ಟಿ. ಯುದ್ಧದ ನಂತರ ಜರ್ಮನಿಯಿಂದ ಬಂದ ಡೀಟ್ರಿಕ್ ಕ್ಯೂಷೆಮಾನ್ ಮತ್ತು ಗಣಿತಜ್ಞೆ ಯೊಹಾನಾ ವೆಬರ್ ಫಾರ್ನ್‌ಬರೋದಲ್ಲಿ ಕುಳಿತು ಮಾಡಿದ ಲೆಕ್ಕಗಳು ಕಾಂಕಾರ್ಡ್ ವಿಮಾನದ ಸಪೂರ ತ್ರಿಕೋನ ರೆಕ್ಕೆಗೆ ದಾರಿ ಮಾಡಿದವು. ಅಂಥ ರೆಕ್ಕೆ ಶಬ್ದಕ್ಕಿಂತ ವೇಗವಾಗಿ ಹೋಗಲು ಸರಿ, ಆದರೆ ನಿಧಾನವಾಗಿ ಇಳಿಯುವುದು ಹೇಗೆ ಎಂಬ ಪ್ರಶ್ನೆಯಿತ್ತು. ರೆಕ್ಕೆಯ ಮೇಲೆ ಸುಳಿಗಾಳಿ ಎದ್ದು ಅದೇ ವಿಮಾನವನ್ನು ಎತ್ತಿ ಹಿಡಿಯುತ್ತದೆ ಎಂಬ ತಿಳಿವಳಿಕೆಯಿಂದ ಅದು ಬಗೆಹರಿಯಿತು.

1960ರ ದಶಕದಲ್ಲಿ ವಿಲಿಯಂ ವ್ಯಾಟ್ ಮತ್ತು ಸಂಗಡಿಗರು ಇಲ್ಲಿ ಗಟ್ಟಿಯಾದ ಕಾರ್ಬನ್ ಎಳೆ ತಯಾರಿಸುವ ವಿಧಾನ ಕಂಡುಹಿಡಿದರು. ಉಕ್ಕಿಗಿಂತ ಎಷ್ಟೋ ಹಗುರವಾದ, ಆದರೆ ಬಲದಲ್ಲಿ ಬಿಟ್ಟುಕೊಡದ ಈ ವಸ್ತು ಈಗ ವಿಮಾನದಿಂದ ಹಿಡಿದು ಟೆನಿಸ್ ಬ್ಯಾಟಿನವರೆಗೆ ಎಲ್ಲೆಡೆ ಇದೆ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿದ ನಮ್ಮ ‘ತೇಜಸ್’ ಯುದ್ಧವಿಮಾನದ ಮೈಯ ಬಹುಭಾಗವೂ ಕಾರ್ಬನ್ ಎಳೆಯ ಮಿಶ್ರವಸ್ತುವಿನದೇ.

1971ರ ಅಕ್ಟೋಬರ್ 28ರಂದು ಆರ್.ಎ.ಇ. ಉಸ್ತುವಾರಿಯ ‘ಬ್ಲ್ಯಾಕ್ ಆರೋ’ ರಾಕೆಟ್ ಆಸ್ಟ್ರೇಲಿಯದ ವೂಮೆರಾದಿಂದ ‘ಪ್ರಾಸ್ಪೆರೋ’ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ವಿಪರ್ಯಾಸವೆಂದರೆ, ಯೋಜನೆ ರದ್ದೆಂದು ಸರ್ಕಾರ ಅದಕ್ಕೆ ಮೂರು ತಿಂಗಳ ಮುಂಚೆಯೇ ಸಾರಿತ್ತು. ಕೋಡಿಯ ಕಾಲದ ಬುದ್ಧಿ ಅರವತ್ತು ವರ್ಷಗಳ ಬಳಿಕವೂ ಮರುಕಳಿಸಿತ್ತು! ಸ್ವಂತ ರಾಕೆಟ್ಟಿನಿಂದ ಉಪಗ್ರಹ ಹಾರಿಸುವ ಶಕ್ತಿ ಗಳಿಸಿ, ಅದನ್ನು ತಾನಾಗಿ ಕೈಬಿಟ್ಟ ದೇಶವೆಂಬ ಮಾತು ಬ್ರಿಟನ್ನಿಗೆ ಅಂಟಿಕೊಂಡಿತು.

ಬುಲ್‌ಡೋಜರ್ ಬರುವ ಮುನ್ನ

1988ರಲ್ಲಿ ಸಂಸ್ಥೆಯ ಹೆಸರಿನ ‘ಏರ್‌ಕ್ರಾಫ್ಟ್’ ಹೋಗಿ ‘ಏರೋಸ್ಪೇಸ್’ ಬಂತು. 1991ರಲ್ಲಿ ಅದು ರಕ್ಷಣಾ ಸಂಶೋಧನಾ ಸಂಸ್ಥೆಯೊಳಗೆ ಲೀನವಾಯಿತು. 1995ರಲ್ಲಿ ಮತ್ತೊಂದು ಹೆಸರು. 2001ರಲ್ಲಿ ಬಹುಭಾಗ ‘ಕೈನೆಟಿಕ್’ ಎಂಬ ಕಂಪನಿಯಾಯಿತು. ಇದರ ನಡುವೆ ಸಂಶೋಧನೆಯ ಕೆಲಸ ಹತ್ತಿರದ ಹೊಸ ಆವರಣಕ್ಕೆ ಸಾಗಿ, ಬಲೂನು ಕಾರ್ಖಾನೆಯ ಕಾಲದಿಂದ ಬೆಳೆದಿದ್ದ ಹಳೆಯ ಜಾಗ ಖಾಲಿಯಾಯಿತು. ಲಂಡನ್ನಿಗೆ ಹತ್ತಿರದ ಜಾಗ. ಬೆಲೆ ಕೇಳಬೇಕೆ! ಕಚೇರಿ ಕಟ್ಟಡಗಳನ್ನು ಎಬ್ಬಿಸುವ ಲೆಕ್ಕಾಚಾರ ಶುರುವಾಯಿತು.

ಹಳೆಯ ಕಾರ್ಖಾನೆಯ ಶೆಡ್ಡುಗಳು ನೋಡಲು ಚೆಂದವಲ್ಲ. ಅರಮನೆಯನ್ನೋ ಇಗರ್ಜಿಯನ್ನೋ ಕೆಡವುತ್ತಾರೆಂದರೆ ಜನ ಎದ್ದು ನಿಲ್ಲುತ್ತಾರೆ. ತಗಡಿನ ಛಾವಣಿಯ ಪ್ರಯೋಗಶಾಲೆಗೆ ಅಳುವವರು ಯಾರು? ಇನ್ನೊಂದು ತೊಡಕೂ ಇತ್ತು. ಅಲ್ಲಿ ನಡೆದ ಕೆಲಸದ ಬಹುಪಾಲು ಗುಟ್ಟಿನದು. ಒಳಗೆ ದುಡಿದವರು ಹೊರಗೆ ಬಾಯಿ ಬಿಡುವಂತಿರಲಿಲ್ಲ. ಹೀಗಾಗಿ ಆವರಣದ ಒಳಗೆ ಏನೇನು ಆಗಿದೆ ಎಂಬುದು ಗೋಡೆಯಾಚೆಗಿನ ಊರಿಗೇ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಉಳಿಸಿ ಎಂದು ಯಾರು ಕೇಳುತ್ತಾರೆ?

ಕೇಳಿದವರು ಅಲ್ಲಿ ದುಡಿದು ನಿವೃತ್ತರಾದವರು ಮತ್ತು ಊರಿನ ಇತಿಹಾಸಪ್ರೇಮಿಗಳು. 1993ರಲ್ಲಿ ಅವರು ‘ಫಾರ್ನ್‌ಬರೋ ಏರ್ ಸೈನ್ಸಸ್ ಟ್ರಸ್ಟ್’ ಕಟ್ಟಿಕೊಂಡರು. ಕಟ್ಟಡಗಳ ಮಹತ್ವವನ್ನು ದಾಖಲೆ ಸಮೇತ ವಿವರಿಸಿದರು, ಅಧಿಕಾರಿಗಳ ಬಾಗಿಲು ತಟ್ಟಿದರು, ಊರಿನ ಜನರ ಅಭಿಪ್ರಾಯ ರೂಪಿಸಿದರು. ಪರಿಣಾಮವಾಗಿ ಮುಖ್ಯ ಗಾಳಿಸುರಂಗಗಳ ಕಟ್ಟಡಗಳು ಕಾನೂನಿನ ರಕ್ಷಣೆಯಿರುವ ಪಾರಂಪರಿಕ ಪಟ್ಟಿಗೆ ಸೇರಿದವು. 1999ರಲ್ಲಿ ಜಾಗ ಖಾಸಗಿ ಕಂಪನಿಯೊಂದಕ್ಕೆ ಮಾರಾಟವಾದರೂ ಅವನ್ನು ಮುಟ್ಟುವಂತಿರಲಿಲ್ಲ. ಎಲ್ಲವೂ ಉಳಿಯಿತೆಂದಲ್ಲ. ಅನೇಕ ಕಟ್ಟಡಗಳು ನೆಲಸಮವಾದವು. ಆದರೆ ತಿರುಳು ಉಳಿಯಿತು.

ಒಂದು ಅನಿರೀಕ್ಷಿತ ಲಾಭವೂ ಆಯಿತು. 1910ರ ಆಸುಪಾಸಿನಲ್ಲಿ ವಾಯುನೌಕೆಗಳನ್ನು ನಿಲ್ಲಿಸಲು ಕಟ್ಟಿದ್ದ, ಬಿಚ್ಚಿ ಸಾಗಿಸಬಹುದಾದ ಉಕ್ಕಿನ ಹಂದರವೊಂದಿತ್ತು. ಮುಂದೆ ಅದನ್ನು ಬಿಚ್ಚಿ ಎರಡು ಬೇರೆ ಕಟ್ಟಡಗಳಿಗೆ ಆಧಾರವಾಗಿ ಬಳಸಿಕೊಂಡಿದ್ದರು. ಆ ಉಕ್ಕಿನ ತೊಲೆಗಳನ್ನು ಹೊರತೆಗೆದು ಮತ್ತೆ ಹಳೆಯ ಆಕಾರದಲ್ಲೇ ನಿಲ್ಲಿಸಿದರು. ಈಗ ಹೊಸ ಕಚೇರಿಗಳ ನಡುವೆ, ಗೋಡೆಯಿಲ್ಲದ ಭಾರಿ ಅಸ್ಥಿಪಂಜರದಂತೆ ಅದು ನಿಂತಿದೆ. 2014ರ ಬೇಸಿಗೆಯಲ್ಲಿ ಗಾಳಿಸುರಂಗಗಳ ಒಳಗೆ ಕಲಾಪ್ರದರ್ಶನ ಏರ್ಪಟ್ಟಾಗ, ಒಂದು ಕಾಲಕ್ಕೆ ಪಹರೆಯವರು ತಡೆಯುತ್ತಿದ್ದ ಬಾಗಿಲಿನಿಂದ ಸಾಮಾನ್ಯ ಜನ ಒಳನಡೆದು, ಮಹಾಗನಿ ಪಂಖವನ್ನು ಕಣ್ಣಾರೆ ಕಂಡರು.

ಕೈ ಹಾಕಿದವರ ಸಂಗ್ರಹಾಲಯ

ಟ್ರಸ್ಟಿನ ಸಂಗ್ರಹಾಲಯ ಇರುವುದು ‘ಟ್ರೆಂಚರ್ಡ್ ಹೌಸ್’ ಎಂಬ ಕಟ್ಟಡದಲ್ಲಿ. 1907ರಲ್ಲಿ ಬಲೂನು ಶಾಲೆಯ ಕೇಂದ್ರವಾಗಿ ಕಟ್ಟಿದ್ದು. ರಾಯಲ್ ಏರ್ ಫೋರ್ಸಿನ ಪಿತಾಮಹ ಎನಿಸಿಕೊಂಡ ಹ್ಯೂ ಟ್ರೆಂಚರ್ಡ್ 1914ರಲ್ಲಿ ಫಾರ್ನ್‌ಬರೋದಲ್ಲಿ ದಳಪತಿಯಾಗಿದ್ದ ನೆನಪಿಗೆ ಈ ಹೆಸರು. ವಾರಾಂತ್ಯದಲ್ಲಿ ಬಾಗಿಲು ತೆರೆಯುತ್ತದೆ. ಪ್ರವೇಶ ಶುಲ್ಕವಿಲ್ಲ, ಮನಸ್ಸಿದ್ದವರು ಕಾಣಿಕೆ ಹಾಕಬಹುದು. ನಡೆಸುವವರು ಸ್ವಯಂಸೇವಕರು. ಅವರಲ್ಲಿ ಹಲವರು ತಾವೇ ಒಂದು ಕಾಲಕ್ಕೆ ಆ ಪ್ರಯೋಗಶಾಲೆಗಳಲ್ಲಿ ದುಡಿದವರು.

ಗಾಳಿಸುರಂಗದಲ್ಲಿ ಪರೀಕ್ಷಿಸಿದ ಪುಟ್ಟ ಮಾದರಿಗಳು, ಅಳತೆಯ ಉಪಕರಣಗಳು, ಎಂಜಿನ್ನುಗಳು, ಛಾಯಾಚಿತ್ರಗಳು, ಚಲನಚಿತ್ರದ ಸುರುಳಿಗಳು, ವರದಿಗಳು ಇಲ್ಲಿವೆ. ಹೊರಗೆ ಅಂಗಳದಲ್ಲಿ ಕೆಲವು ವಿಮಾನಗಳು ನಿಂತಿವೆ. ಅವುಗಳಲ್ಲಿ ಒಂದು ‘ಹಂಟರ್’, ರಾತ್ರಿಯ ಕತ್ತಲಲ್ಲೂ ಪೈಲಟ್‌ಗೆ ದಾರಿ ಕಾಣಿಸುವ ಉಪಕರಣಗಳ ಸಂಶೋಧನೆಗೆ ಬಳಕೆಯಾದದ್ದು. ಇನ್ನೊಂದು ಪುಟಾಣಿ ‘ನ್ಯಾಟ್’. ಭಾರತದಿಂದ ಹೋದವರಿಗೆ ಇವೆರಡೂ ಹಳೆಯ ಪರಿಚಯದವು. ಹಂಟರ್ 1957ರಿಂದ ಭಾರತೀಯ ವಾಯುಪಡೆಯಲ್ಲಿ ದಶಕಗಳ ಕಾಲ ದುಡಿಯಿತು. ನ್ಯಾಟನ್ನು ಬೆಂಗಳೂರಿನ ಎಚ್.ಎ.ಎಲ್. ಪರವಾನಗಿ ಪಡೆದು ತಯಾರಿಸಿತು. 1965 ಮತ್ತು 1971ರ ಯುದ್ಧಗಳಲ್ಲಿ ಅದು ಹೆಸರು ಮಾಡಿತು. 1971ರ ಡಿಸೆಂಬರ್‌ನಲ್ಲಿ ಶ್ರೀನಗರದ ಆಕಾಶದಲ್ಲಿ ಹೋರಾಡಿ ಮಡಿದು ಪರಮವೀರಚಕ್ರ ಪಡೆದ ನಿರ್ಮಲ್ ಜಿತ್ ಸಿಂಗ್ ಸೇಖೋನ್ ಹಾರಿಸಿದ್ದು ನ್ಯಾಟ್ ವಿಮಾನವನ್ನೇ.

ಸ್ವಯಂಸೇವಕರು ಹಳೆಯದನ್ನು ಕಾಯುತ್ತ ಕೂತಿಲ್ಲ. ಕೋಡಿಯ ಹಾರಾಟಕ್ಕೆ 2008ರಲ್ಲಿ ನೂರು ತುಂಬಿದಾಗ ಅವನ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿಯನ್ನು ತಾವೇ ಕಟ್ಟಿದರು. ಬಿದಿರು, ಬಟ್ಟೆ, ತಂತಿಗಳ ಆ ಭಾರಿ ಗಾತ್ರವನ್ನು ಕಂಡಾಗಲೇ, ಇದರ ಮೇಲೆ ಕುಳಿತು ಹಾರಲು ಎಂಥ ಎದೆಗಾರಿಕೆ ಬೇಕಿತ್ತು ಎಂಬುದು ಹೊಳೆಯುವುದು. 2013ರಲ್ಲಿ, ಕೋಡಿ ಸತ್ತು ನೂರು ವರ್ಷವಾದಾಗ, ಸಂಗ್ರಹಾಲಯದ ಪಕ್ಕದಲ್ಲೇ ಅವನ ಕಂಚಿನ ಪ್ರತಿಮೆ ನಿಂತಿತು.

ಆದರೆ ಸ್ವಯಂಸೇವೆಯ ಸಂಸ್ಥೆಗೆ ಅದರದೇ ಆತಂಕವಿದೆ. ಕಾಮೆಟ್ ಪರೀಕ್ಷೆ ನಡೆದು ಎಪ್ಪತ್ತು ವರ್ಷ ದಾಟಿತು. ಅದನ್ನು ಕಣ್ಣಾರೆ ಕಂಡವರು ಇಂದು ಇಲ್ಲವೆನ್ನುವಷ್ಟು ವಿರಳ. ಕಾಂಕಾರ್ಡ್ ಕಾಲದವರಿಗೂ ವಯಸ್ಸಾಗಿದೆ. ಸಂಶೋಧನೆಯ ಜ್ಞಾನವೆಲ್ಲ ವರದಿಗಳಲ್ಲಿ ಇರುವುದಿಲ್ಲ. ಯಾವ ಅಳತೆ ನಂಬಿಕೆಗೆ ಅರ್ಹ, ಯಾವ ಯಂತ್ರ ಮೊಂಡು, ಯಾವ ದಿನ ಯಾಕೆ ಪ್ರಯೋಗ ಕೆಟ್ಟಿತು ಎಂಬುದೆಲ್ಲ ದುಡಿದವರ ನೆನಪಿನಲ್ಲಿರುತ್ತದೆ. ಛಾಯಾಚಿತ್ರವೊಂದರ ಹಿಂದೆ ಹೆಸರು ಬರೆಯದಿದ್ದರೆ, ಬಲ್ಲವರು ಹೋದ ಮರುದಿನ ಅದು ಯಾವುದೋ ಯಂತ್ರದ ಮುಂದೆ ನಿಂತ ಯಾರದೋ ಚಿತ್ರ. ಆದ್ದರಿಂದ ಕಡತಗಳ ಪಟ್ಟಿ ಮಾಡುವ, ಚಿತ್ರಗಳನ್ನು ಗುರುತಿಸುವ, ಹಿರಿಯರ ಮಾತನ್ನು ದಾಖಲಿಸುವ ಸದ್ದಿಲ್ಲದ ಕೆಲಸಕ್ಕೆ ಅಂಗಳದ ವಿಮಾನಗಳಿಗಿಂತ ಹೆಚ್ಚಿನ ಬೆಲೆ. ಅದಕ್ಕೆ ಹೊಸ ತಲೆಮಾರಿನ ಕೈಗಳೂ ಬೇಕು.

ನಮ್ಮೂರಿನ ಮಾತು

ಫಾರ್ನ್‌ಬರೋದ ಕಥೆ ಓದಿದ ಬೆಂಗಳೂರಿಗರಿಗೆ ತಮ್ಮ ಊರಿನ ನೆನಪಾಗದೆ ಇರದು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಸಹಕಾರದಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ತೆರೆದರು. 1942ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ವಿಮಾನ ವಿಜ್ಞಾನದ ವಿಭಾಗ ಶುರುವಾಯಿತು. ಅಲ್ಲಿಯೇ ಸತೀಶ್ ಧವನ್ ದೇಶದ ಮೊದಲ ಶಬ್ದಾತೀತ ಗಾಳಿಸುರಂಗಗಳನ್ನು ಕಟ್ಟಿದರು. 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ಮರುವರ್ಷ ಬೆಂಗಳೂರಿಗೆ ಬಂದು ಜಯಮಹಲ್ ಅರಮನೆಯ ಆವರಣದಲ್ಲಿ ಕೆಲಸ ಆರಂಭಿಸಿತು. 1967ರಲ್ಲಿ ಅದರ ದೊಡ್ಡ ಗಾಳಿಸುರಂಗ ಚಾಲನೆಗೊಂಡಿತು.

ನೋಡಲು ವಿಮಾನಗಳು ನಮ್ಮಲ್ಲೂ ಇವೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದ ‘ಮರುತ್’ ಅನೇಕರ ಬಾಲ್ಯದ ನೆನಪು. 2001ರಲ್ಲಿ ಎಚ್.ಎ.ಎಲ್. ತನ್ನದೇ ಸಂಗ್ರಹಾಲಯ ತೆರೆಯಿತು. ಆದರೆ ಆ ವಿಮಾನಗಳಿಗಾಗಿ ನಡೆದ ಪರೀಕ್ಷೆಗಳ ಟಿಪ್ಪಣಿ ಪುಸ್ತಕಗಳು, ಮರದ ಮಾದರಿಗಳು, ಕೈಬರಹದ ನಕ್ಷೆಗಳು, ಸೋತ ಪ್ರಯೋಗಗಳ ವರದಿಗಳು? ಅವನ್ನು ಬರೆದ ಕೈಗಳು ಮಲ್ಲೇಶ್ವರದಲ್ಲೋ ಇಂದಿರಾನಗರದಲ್ಲೋ ನಿವೃತ್ತ ಜೀವನ ನಡೆಸುತ್ತಿರಬಹುದು. ಅವರನ್ನು ಮಾತನಾಡಿಸಲು ದೊಡ್ಡ ಕಟ್ಟಡವೂ ಬೇಡ, ಸರ್ಕಾರದ ಆದೇಶವೂ ಬೇಡ. ವಾರಕ್ಕೊಂದು ಸಂಜೆ ಬಿಡುವು ಮಾಡಿಕೊಳ್ಳುವ ನಾಲ್ಕು ಮಂದಿ ಸಾಕು.

ಫಾರ್ನ್‌ಬರೋದವರು ಶುರು ಮಾಡಿದ್ದೂ ಅಷ್ಟರಿಂದಲೇ. ಮರ ಒಣಗುವುದನ್ನು ತಡೆಯಲು ಅವರಿಗೆ ಆಗಲಿಲ್ಲ. ಅದು ಎಲ್ಲಿತ್ತು, ಏಕೆ ಬೇಕಾಗಿತ್ತು ಎಂಬುದು ಮರೆಯದಂತೆ ನೋಡಿಕೊಂಡರು.